ಕೇಸರಿ ಶ್ರೀಖಂಡದ ಡಬ್ಬಿ

ಕಳೆದ ತಿಂಗಳು ವಡೋದರಕ್ಕೆ ಹೋಗಿದ್ದೆ. ನನ್ನ ತಮ್ಮ ಗುರುರಾಜ ಕಣ್ಣಿನ ಪೊರೆ ತೆಗೆಸಿಕೊಂಡು ಅಲ್ಲಿ ಮಗಳು ಪಲ್ಲವಿಯ ಮನೆಯಲ್ಲಿ ಉಳಿದಿದ್ದ. ಕೆಲವು ವರ್ಷಗಳಿಂದ ಹಬ್ಬಕ್ಕೊಮ್ಮೆ ಎರಡು ಮಾತು, ಅದಕ್ಕಿಂತ ಹೆಚ್ಚು ಅವನು ನನ್ನೊಡನೆ ಆಡಿರಲಿಲ್ಲ. ಈ ಸಲ ತಾನೇ ಫೋನ್ ಮಾಡಿ, ‘ಒಮ್ಮೆ ಬಂದು ಹೋಗಣ್ಣಾ, ಇಬ್ಬರಿಗೂ ವಯಸ್ಸಾತು’ ಅಂದ. ಬೆಳಗಿನ ರೈಲಿಗೆ ಹೋದೆ. ಅವನು ಕಪ್ಪು ಕನ್ನಡಕ ಹಾಕಿಕೊಂಡು ದಿವಾನಿನ ಮೇಲೆ ಮಲಗಿದ್ದ. ಪಲ್ಲವಿ ಅಡುಗೆಮನೆಯಲ್ಲಿ ಫ್ರಿಜ್ಜಿನ ಬಾಗಿಲು ತೆರೆದಳು. ಏಲಕ್ಕಿ, ಕೇಸರಿ, ನೀರು ಬಸಿದ ಹುಳಿ ಮೊಸರು, ಇವೆಲ್ಲ ಕಲೆತ ತಣ್ಣನೆಯ ವಾಸನೆ ನಾನು ಕೂತಲ್ಲಿಗೆ ಬಂತು. ಬಾಯಲ್ಲಿ ನೀರೂರಿತು. ಎದ್ದು ಹೋಗಿ ಕಿಟಕಿಯ ಬಳಿ ನಿಂತೆ.

ಆ ವಾಸನೆಯ ಹಿಂದೆ ಅಹಮದಾಬಾದಿನ ಒಂದು ಮಳೆಗಾಲವಿದೆ. ಅದನ್ನು ನಾನು ಯಾರಿಗೂ ಪೂರ್ತಿಯಾಗಿ ಹೇಳಿರಲಿಲ್ಲ.

ನಾನು ಹೆಚ್ಚು ಓದಿದವನಲ್ಲ. ಧಾರವಾಡದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಒಂದು ವಿಮಾ ಕಚೇರಿಯ ಹಳೆಯ ಫೈಲುಗಳ ಕೋಣೆಗೆ ಸೇರಿದೆ. ವರ್ಗವಾಗಿ ಗುಜರಾತಿಗೆ ಬಂದವನು ವಾಪಸು ವರ್ಗ ಕೇಳದೆ ಇಲ್ಲೇ ಅಹಮದಾಬಾದಿನಲ್ಲಿ ನಿವೃತ್ತನಾದೆ. ಚಾಂದ್‌ಖೇಡಾದಲ್ಲಿ ಮೂರನೆಯ ಮಹಡಿಯ ಸಣ್ಣ ಮನೆ. ಮಕ್ಕಳಾಗಲಿಲ್ಲ. ಹೆಂಡತಿ ಸುಧಾ ತೀರಿಕೊಂಡ ಮೇಲೆ ನಾನು, ರೇಡಿಯೋ, ಸಕ್ಕರೆ ಕಾಯಿಲೆಯ ಗುಳಿಗೆಗಳು.

ಓದು ಕಡಿಮೆಯಾದರೂ ಒಂದು ವಿಷಯದಲ್ಲಿ ನನಗೆ ಬಹಳ ಜಂಬವಿತ್ತು. ನಮ್ಮ ಮನೆಯಲ್ಲಿ ಎಂಜಲು ನಡೆಯುತ್ತಿರಲಿಲ್ಲ. ನೀರನ್ನು ಎತ್ತಿ ಕುಡಿಯಬೇಕು, ಲೋಟ ತುಟಿಗೆ ತಾಗಬಾರದು. ಸುಧಾ ತನ್ನ ಸಂಸಾರದುದ್ದಕ್ಕೂ ಒಂದು ದಿನವೂ ಸಾರಿನ ರುಚಿ ನೋಡಿ ಇಳಿಸಿದವಳಲ್ಲ. ಉಪ್ಪು ಹೆಚ್ಚಾದರೆ ಇಬ್ಬರೂ ಮಾತಾಡದೆ ಉಂಡು ಏಳುತ್ತಿದ್ದೆವು. ಕಚೇರಿಯಲ್ಲಿ ಒಂದು ಕಪ್ಪು ಚಹಾವನ್ನು ಬಸಿಗೆ ಸುರಿದು ಇಬ್ಬರು ಹಂಚಿಕೊಳ್ಳುವುದು ಇಲ್ಲಿಯ ಸ್ನೇಹದ ರೀತಿ. ನಾನು ಕೈ ಅಡ್ಡ ಹಿಡಿಯುತ್ತಿದ್ದೆ. ‘ಮಹಾರಾಜ್ ಬಂದರು, ಬಸಿ ಮುಚ್ಚಿಡಿ’ ಎಂದು ಅವರು ನಗುತ್ತಿದ್ದರು. ಆ ಹೆಸರು ನನಗೆ ಇಷ್ಟವೇ ಇತ್ತು.

ತಮ್ಮನ ಮನೆಯಲ್ಲೂ ಇದೇ ಕಟ್ಟುನಿಟ್ಟು. ಪಲ್ಲವಿ ಇನ್ನೂ ಅಂಬೆಗಾಲಿಡುತ್ತಿದ್ದಾಗ ನಾನು ರಜೆಯಲ್ಲಿ ಧಾರವಾಡಕ್ಕೆ ಹೋಗಿದ್ದೆ. ಪಕ್ಕದ ಮನೆಯ ಮುದುಕಿಯೊಬ್ಬಳು ಪೇರಲ ಹಣ್ಣನ್ನು ತಾನು ಕಚ್ಚಿ, ಮೆತ್ತಗಿನ ತಿರುಳನ್ನು ಮಗುವಿನ ಬಾಯಿಗೆ ಹಿಡಿದಳು. ನಾನು ಅದನ್ನು ಕಿತ್ತುಕೊಂಡು ಹಿತ್ತಿಲಿಗೆ ಎಸೆದೆ. ಮುದುಕಿ ಎದ್ದು ಹೋದಳು. ಮಗು ಬಹಳ ಹೊತ್ತು ಅತ್ತಿತು. ಆ ದಿನ ಮನೆಯವರೆಲ್ಲ ನನ್ನನ್ನು ಮೆಚ್ಚಿದರು.

ಆ ಪಲ್ಲವಿಯೇ ದೊಡ್ಡವಳಾಗಿ, ನವರಂಗಪುರದ ಕಾಲೇಜಿನಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಿ, ನನ್ನ ಮನೆಯಲ್ಲಿರಲು ಬಂದಳು. ಬಂದ ವಾರದಲ್ಲೇ ಮನೆಯ ಆಡಳಿತ ಅವಳ ಕೈಗೆ ಹೋಯಿತು. ಬೆಳಿಗ್ಗೆ ನನ್ನ ಬೆರಳಿಗೆ ಸೂಜಿ ಚುಚ್ಚಿ ಸಕ್ಕರೆ ನೋಡಿದ ಮೇಲೆಯೇ ಚಹಾ. ಬೆಲ್ಲದ ಡಬ್ಬಿ ಮೇಲಿನ ಕಪಾಟಿಗೆ ಏರಿತು. ‘ದೊಡ್ಡಪ್ಪಾ, ನಿಮ್ಮ ಮುಖಾ ನೋಡಿದ್ರ ಗೊತ್ತಾಗ್ತದ, ನಿನ್ನೆ ಯಾರ ಮನಿಯೊಳಗ ಜಿಲೇಬಿ ತಿಂದೀರಿ’ ಎಂದು ವಕೀಲರ ಹಾಗೆ ವಿಚಾರಿಸುತ್ತಿದ್ದಳು. ಸುಧಾ ಹೋದ ಮೇಲೆ ನನ್ನನ್ನು ಬೈಯುವವರೇ ಇರಲಿಲ್ಲ. ಅವಳ ಬೈಗುಳಕ್ಕಾಗಿ ಸಂಜೆ ಬಸ್ಸಿನ ಹೊತ್ತಿಗೆ ಗ್ಯಾಲರಿಯಲ್ಲಿ ನಿಂತು ಕಾಯುತ್ತಿದ್ದೆ.

ಅವಳಿಗೆ ಒಂದೇ ಚಪಲ, ಕೇಸರಿ ಶ್ರೀಖಂಡ. ಮೂಲೆಯ ಡೇರಿ ಅಂಗಡಿಯಿಂದ ತಂದು ಫ್ರಿಜ್ಜಿನಲ್ಲಿಟ್ಟು ದಿನಕ್ಕೆ ಸ್ವಲ್ಪ ಸ್ವಲ್ಪ ತಿನ್ನುತ್ತಿದ್ದಳು. ನನಗೆ ತೋರಿಸಿಯೇ ಇಟ್ಟು, ‘ಇದು ನಿಮ್ಮದಲ್ಲ’ ಅನ್ನುತ್ತಿದ್ದಳು.

ಈಗ ಹೇಳಬೇಕಾದದ್ದನ್ನು ಹೇಳುತ್ತೇನೆ. ಆ ಬೇಸಗೆಯಲ್ಲಿ ಮಧ್ಯಾಹ್ನ ಬೀದಿಯಲ್ಲಿ ನಾಯಿ ಕೂಡ ಕಾಣುತ್ತಿರಲಿಲ್ಲ. ಪಲ್ಲವಿ ಕಾಲೇಜಿನಲ್ಲಿರುತ್ತಿದ್ದಳು. ನಾನು ಫ್ರಿಜ್ಜು ತೆರೆದು, ಡಬ್ಬಿಯ ಮುಚ್ಚಳ ತೆಗೆದು, ಒಂದು ಚಮಚ ತಿನ್ನುತ್ತಿದ್ದೆ. ಚಮಚವನ್ನು ಪೂರ್ತಿ ನೆಕ್ಕಿ, ಮತ್ತೆ ಅದನ್ನೇ ಅದ್ದಿ ಇನ್ನೊಂದು ಚಮಚ. ಬಟ್ಟಲಿಗೆ ಹಾಕಿಕೊಳ್ಳಬಹುದಿತ್ತು. ಬಟ್ಟಲಿಗೆ ಹಾಕಿಕೊಂಡರೆ ತಿಂದಂತೆ, ನಿಂತಲ್ಲೇ ಡಬ್ಬಿಯಿಂದ ತಿಂದರೆ ತಿಂದಿಲ್ಲ ಎಂದು ಯಾವುದೋ ಲೆಕ್ಕ ಮನಸ್ಸಿನಲ್ಲಿತ್ತು. ಕೊನೆಗೆ ಚಮಚದ ಬೆನ್ನಿನಿಂದ ಮೇಲ್ಭಾಗವನ್ನು ನುಣ್ಣಗೆ ಮಾಡಿ ಮುಚ್ಚಿಡುತ್ತಿದ್ದೆ. ಸಂಜೆ ಆ ಹುಡುಗಿ ಅದರಿಂದಲೇ ತಿನ್ನುತ್ತಿದ್ದಳು, ನಾನು ಎದುರಿಗೆ ಕೂತು ಸಂಧ್ಯಾವಂದನೆಗೆ ನೀರು ತುಂಬಿಕೊಳ್ಳುತ್ತಿದ್ದೆ. ಜಗತ್ತಿನ ಎಂಜಲನ್ನೆಲ್ಲ ಹಿತ್ತಿಲಿಗೆಸೆದವನು ತನ್ನ ಎಂಜಲನ್ನು ದಿನವೂ ಅವಳಿಗೆ ತಿನ್ನಿಸುತ್ತಿದ್ದೆ. ಅದು ಎಂಜಲೆಂದು ಅನ್ನಿಸಲೇ ಇಲ್ಲ. ನನ್ನದಲ್ಲವೇ.

ಮೊದಲ ಮಳೆ ಬಿದ್ದ ಹೊತ್ತಿಗೆ ಪಲ್ಲವಿಗೆ ಜ್ವರ ಬಂತು. ಗಂಟಲು ಕಟ್ಟಿ ಎಂಜಲು ನುಂಗಲೂ ಆಗುತ್ತಿರಲಿಲ್ಲ. ಕತ್ತಿನ ಎರಡೂ ಬದಿಗೆ ಗಡ್ಡೆಗಳು ಊದಿದವು. ಔಷಧಿ ಅಂಗಡಿಯವನನ್ನು ಕೇಳಿ ನಾನೇ ಕ್ಯಾಪ್ಸೂಲ್ ತಂದುಕೊಟ್ಟೆ. ಕೆಲವು ದಿನಗಳಲ್ಲಿ ಮೈತುಂಬ ಕೆಂಪು ದದ್ದು ಎದ್ದಿತು. ದಡಾರವೆಂದು ನನಗೆ ಭಯವಾಗಿ ನಗರದ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿಯ ಡಾಕ್ಟರ್ ಹೀನಾಬೆನ್ ದದ್ದನ್ನು ನೋಡಿ, ಯಾವ ಕ್ಯಾಪ್ಸೂಲ್ ಕೊಟ್ಟಿರಿ ಎಂದು ಕೇಳಿದರು. ಹೆಸರು ಹೇಳಿದಾಗ ತಲೆಯಾಡಿಸಿದರು. ಈ ಜ್ವರಕ್ಕೆ ಆ ಔಷಧಿ ಕೊಟ್ಟರೆ ಹೀಗೆ ದದ್ದು ಏಳುವುದುಂಟಂತೆ. ರಕ್ತ ಪರೀಕ್ಷೆಯಾದ ಮೇಲೆ ಅವರ ಊಹೆಯೇ ನಿಜವಾಯಿತು. ಮಾನೋ ಅನ್ನುತ್ತಾರೆ, ಗ್ರಂಥಿ ಜ್ವರ. ಇ.ಬಿ. ವೈರಸ್ ಎಂಬುದೊಂದು ಅದಕ್ಕೆ ಕಾರಣ. ಔಷಧಿ ಇಲ್ಲ, ವಿಶ್ರಾಂತಿಯೇ ಮದ್ದು.

ಹೀನಾಬೆನ್ ಇದೇ ಜ್ವರದ ಮೇಲೆ ಸಂಶೋಧನೆ ನಡೆಸುತ್ತಿದ್ದರು. ನಮ್ಮ ಕಡೆ ಹೆಚ್ಚಿನವರಿಗೆ ಈ ವೈರಸ್ ಚಿಕ್ಕಂದಿನಲ್ಲೇ ತಗುಲಿ, ನೆಗಡಿಯ ಹಾಗೆ ಬಂದು ಹೋಗುತ್ತದೆ. ಆದರೆ ಕೆಲವರಿಗೆ ಪ್ರಾಯಕ್ಕೆ ಬಂದ ಮೇಲೆ ಬಂದು ಹೀಗೆ ಮಲಗಿಸುತ್ತದೆ. ಅವರಿಗೆ ಅದು ಎಲ್ಲಿಂದ ಬರುತ್ತದೆ, ಹೊಟ್ಟೆಯ ಎಡಗಡೆಯ ಗುಲ್ಮ, ಸ್ಪ್ಲೀನ್ ಅನ್ನುತ್ತಾರಲ್ಲ ಅದು, ಎಷ್ಟು ಊದುತ್ತದೆ, ಎಷ್ಟು ದಿನಕ್ಕೆ ಇಳಿಯುತ್ತದೆ, ಇದನ್ನು ಅವರ ತಂಡ ನೋಡುತ್ತಿತ್ತು. ಪಲ್ಲವಿ ಸೈನ್ಸ್ ಓದುವ ಹುಡುಗಿ, ಸೇರುತ್ತೇನೆ ಅಂದಳು. ಆಗಾಗ ಹೋಗಿ ರಕ್ತ ಕೊಡಬೇಕು, ಹೊಟ್ಟೆಯ ಸ್ಕ್ಯಾನ್ ಆಗಬೇಕು. ಮನೆಯವರ ಎಂಜಲೂ ಬೇಕು ಅಂದರು.

ತಂಡದ ಕೆಲಸಗಾರ ಜಿಗ್ನೇಶ್ ಎಂಬ ಹುಡುಗ ನನ್ನ ಕೈಗೊಂದು ಸಣ್ಣ ಪ್ಲಾಸ್ಟಿಕ್ ಕೊಳವೆ ಕೊಟ್ಟು ಅದರೊಳಗೆ ಉಗುಳಲು ಹೇಳಿದ. ನನಗೆ ಅವಮಾನವಾದಂತಾಯಿತು. ಗೋಡೆಯ ಕಡೆ ತಿರುಗಿ ಉಗುಳಿ, ಕೊಳವೆಯನ್ನು ಕರವಸ್ತ್ರದಲ್ಲಿ ಸುತ್ತಿ ಕೊಟ್ಟೆ. ಅವನು ಬರಿಗೈಯಲ್ಲಲ್ಲ, ಕೈಗವಸಿನಲ್ಲೇ ತೆಗೆದುಕೊಂಡ, ಆದರೂ ನಾನೇ ಕೈ ತೊಳೆಯಲು ಓಡಿದೆ. ಪಲ್ಲವಿ ಜ್ವರದಲ್ಲೂ ನಕ್ಕಳು.

ಆಮೇಲೆ ಹೀನಾಬೆನ್ ನಮ್ಮಿಬ್ಬರನ್ನೂ ಎದುರು ಕೂರಿಸಿಕೊಂಡು ಪ್ರಶ್ನೆಗಳನ್ನು ಕೇಳಿದರು. ಮನೆಯಲ್ಲಿ ಒಂದೇ ಲೋಟ, ಒಂದೇ ಚಮಚ, ಒಂದೇ ತಟ್ಟೆ ಹಂಚಿಕೊಳ್ಳುತ್ತೀರಾ ಎಂದು ಕೇಳಿದಾಗ ಪಲ್ಲವಿ ನನ್ನ ಮುಖ ನೋಡಿದಳು. ದೊಡ್ಡವರು ಮೊದಲು ಹೇಳಲಿ ಎಂದು ಕಾಯುವ ಸಂಸ್ಕಾರ ಎಂದುಕೊಂಡೆ. ‘ಇಲ್ಲ, ನಮ್ಮ ಮನೆಯಲ್ಲಿ ಎಂಜಲು ನಡೆಯುವುದೇ ಇಲ್ಲ’ ಎಂದು ನನ್ನ ಹರಕು ಹಿಂದಿಯಲ್ಲಿ ಗಟ್ಟಿಯಾಗಿ ಹೇಳಿದೆ. ಪಲ್ಲವಿ ತಲೆ ತಗ್ಗಿಸಿ, ಇಲ್ಲ ಅಂದಳು. ಡಾಕ್ಟರ್ ಬರೆದುಕೊಂಡರು.

ಹೊರಡುವಾಗ ಅವರು ಪಲ್ಲವಿಯ ಎಡ ಪಕ್ಕೆಲುಬಿನ ಕೆಳಗೆ ನನ್ನ ಕಣ್ಣೆದುರೇ ಬೆರಳಿಟ್ಟು ತೋರಿಸಿ, ಗುಲ್ಮ ಊದಿದೆ ಎಂದರು. ಭಾರ ಎತ್ತಬಾರದು, ಓಡಬಾರದು, ಸ್ಕೂಟರಿನಲ್ಲಿ ಕುಲುಕಾಡಬಾರದು, ಈ ವರ್ಷ ನವರಾತ್ರಿಯ ಗರ್ಬಾ ಕುಣಿತ ಮರೆತುಬಿಡಬೇಕು. ಏಟು ಬಿದ್ದರೆ ಒಡೆಯಬಹುದು, ಕೆಲವೊಮ್ಮೆ ಏಟಿಲ್ಲದೆಯೂ ಒಡೆಯುತ್ತದೆ, ಒಡೆದರೆ ಪ್ರಾಣಕ್ಕೇ ಬರುತ್ತದೆ. ನನ್ನ ಕಡೆ ತಿರುಗಿ, ‘ಕಾಕಾ, ಒಂದು ಬಿಂದಿಗೆ ನೀರನ್ನೂ ಇವಳಿಂದ ಎತ್ತಿಸಬೇಡಿ. ಇವಳು ನಿಮ್ಮ ಜವಾಬ್ದಾರಿ’ ಎಂದರು. ಆಗಲಿ ಎಂದೆ.

ಲಿಫ್ಟಿನ ಬಳಿ ಜಿಗ್ನೇಶ್ ನನ್ನೊಡನೆ ಹರಟೆಗೆ ನಿಂತ. ಈ ರೋಗಕ್ಕೆ ಅಂಗ್ರೇಜಿಯಲ್ಲಿ ಇನ್ನೊಂದು ಹೆಸರಿದೆ ಕಾಕಾ, ಕಿಸ್ಸಿಂಗ್ ಡಿಸೀಜ್, ಮುತ್ತು ಕೊಡುವವರ ಕಾಯಿಲೆ, ಎಂದು ನಕ್ಕ. ಅವನಿಗೆ ಅದೊಂದು ತಮಾಷೆ. ನನಗೆ ಅಲ್ಲಿಂದ ಮನೆಯವರೆಗೆ ಬಸ್ಸಿನಲ್ಲಿ ಬೇರೇನೂ ಕೇಳಿಸಲಿಲ್ಲ.

ಆ ದಿನದಿಂದ ನಾನು ಅವಳ ತಟ್ಟೆ ಲೋಟಗಳನ್ನು ಬೇರೆ ಮಾಡಿದೆ. ಊಟ ಗ್ಯಾಲರಿಯಲ್ಲಿ. ರೋಗ ಹರಡಬಾರದಲ್ಲ ಎಂದು ಹೇಳಿದೆ. ಅವಳ ಡಬ್ಬಿಯಲ್ಲಿ ಸ್ವಲ್ಪ ಶ್ರೀಖಂಡ ಉಳಿದಿತ್ತು. ಅದನ್ನು ಮುಟ್ಟುವುದನ್ನೂ ಬಿಟ್ಟೆ. ಅವಳ ರೋಗ ನನಗೆ ತಗುಲೀತೆಂಬ ಭಯ. ಅದು ಬೂಸ್ಟು ಹಿಡಿದ ಮೇಲೆ ಕಸಕ್ಕೆ ಹಾಕಿದೆ.

ಅವಳು ದಿನವಿಡೀ ನಿದ್ದೆ ಮಾಡುತ್ತಿದ್ದಳು. ಎಚ್ಚರವಿದ್ದಾಗ ಫೋನಿನಲ್ಲಿ ಮೆಲ್ಲಗೆ ಮಾತಾಡುತ್ತಿದ್ದಳು. ತರಗತಿಯ ಹುಡುಗನೊಬ್ಬ ಪಾಠದ ನೋಟ್ಸ್ ಕೊಡಲು ಬಂದು ಬಾಗಿಲಲ್ಲೇ ನಿಂತು ಹೋದ. ಅವನ ಶರ್ಟಿನ ಬಣ್ಣ ಇವತ್ತಿಗೂ ನೆನಪಿದೆ, ಅಷ್ಟು ದಿಟ್ಟಿಸಿ ನೋಡಿದ್ದೆ. ಹೊರಗೆ ಎಡೆಬಿಡದೆ ಮಳೆ. ತಳಮಹಡಿಗೆ ನೀರು ನುಗ್ಗಿ ಲಿಫ್ಟು ನಿಂತುಹೋಗಿತ್ತು. ಒದ್ದೆ ಬಟ್ಟೆ ಒಣಗದೆ ಮನೆಯೆಲ್ಲ ಮುಗ್ಗಲು ವಾಸನೆ. ನನ್ನ ತಲೆಯೊಳಗೂ ಹಾಗೆಯೇ ಏನೋ ಮುಗ್ಗುತ್ತಿತ್ತು.

ಒಂದು ಬೆಳಿಗ್ಗೆ ಅವಳಿಗೆ ಗಂಜಿ ಕೊಟ್ಟು, ಕೊಟ್ಟ ಕೈ ಹಿಂದೆಗೆಯುತ್ತಲೇ ಕೇಳಿದೆ.

‘ಈ ರೋಗ ಹೆಂಗ ಬರ್ತದ ಗೊತ್ತದ ಏನು?’

‘ಡಾಕ್ಟರ್ ಹೇಳ್ಯಾರಲ್ಲ ದೊಡ್ಡಪ್ಪಾ. ಎಂಜಲದಿಂದ.’

‘ಯಾರ ಎಂಜಲ?’

ಅವಳು ನನ್ನನ್ನು ನೋಡಿದಳು. ಆಮೇಲೆ ಅಡುಗೆಮನೆಯ ಕಡೆ, ಫ್ರಿಜ್ಜು ಇದ್ದ ಕಡೆ ನೋಡಿದಳು. ಕಣ್ಣು ತಪ್ಪಿಸುತ್ತಿದ್ದಾಳೆ, ಆದ್ದರಿಂದ ತಪ್ಪಿತಸ್ಥಳೇ ಎಂದುಕೊಂಡೆ.

‘ನನಗೇನ್ ಗೊತ್ತು,’ ಅಂದಳು.

‘ಮುತ್ತು ಕೊಟ್ರ ಬರ್ತದಂತ. ಆ ಆಸ್ಪತ್ರಿ ಹುಡುಗ ನಕ್ಕೋತ ಹೇಳಿದ. ಮಂದಿ ನಗೂ ಹಂಗ ಆತು. ಓದಲಿಕ್ಕಂತ ಕಳಿಸಿದ್ರ ಇದೇನು ನಡಿಸೀದಿ?’

ಅವಳ ಮುಖದಲ್ಲಿ ಸಿಟ್ಟು ಬರಲಿಲ್ಲ. ಬಂದಿದ್ದರೆ ನಾನು ಅಲ್ಲಿಗೇ ನಿಲ್ಲಿಸುತ್ತಿದ್ದೆನೋ ಏನೋ. ಗಂಜಿಯ ಬಟ್ಟಲನ್ನು ನೆಲಕ್ಕಿಟ್ಟಳು.

‘ನೀವು ಹಿಂಗ ಅಂತೀರಂತ ಅನಕೊಂಡಿರಲಿಲ್ಲ,’ ಅಂದಳು.

‘ನಿಮ್ಮಪ್ಪಗ ಫೋನ್ ಮಾಡ್ತೀನಿ. ಈ ಮನಿಯೊಳಗ ಅಂಥಾ ಎಂಜಲಾ ನಡಿಯೂದಿಲ್ಲ.’

‘ಬ್ಯಾಡ್ರಿ. ಅಪ್ಪಗ ಬಿ.ಪಿ. ಅದ. ನಾನೇ ಹೋಗ್ತೀನಿ.’

ಕಾಲೇಜಿನ ಬಳಿ ಬಾಡಿಗೆ ಕೋಣೆಯಲ್ಲಿದ್ದ ಗೆಳತಿಗೆ ಫೋನ್ ಮಾಡಿದಳು. ಕೂತು ಕೂತು ದಣಿವಾರಿಸಿಕೊಂಡು ಸೂಟ್‌ಕೇಸು ತುಂಬಿದಳು. ಪುಸ್ತಕದ ಚೀಲ ಬೇರೆ. ನಾನು ಗ್ಯಾಲರಿಯಲ್ಲಿ ಪೇಪರು ಹಿಡಿದು ಕೂತಿದ್ದೆ. ಹೊರಡುವ ಮುಂಚೆ ನನ್ನ ಗುಳಿಗೆಗಳನ್ನು ಎಲ್ಲಿಟ್ಟಿದ್ದಾಳೆಂದು ಹೇಳಿದಳು. ನಾನು ಪೇಪರಿನಿಂದ ತಲೆಯೆತ್ತಲಿಲ್ಲ.

ಲಿಫ್ಟಿಲ್ಲ. ಮೂರು ಮಹಡಿ. ಸೂಟ್‌ಕೇಸನ್ನು ಒಂದೊಂದು ಮೆಟ್ಟಿಲಿಗೂ ಎತ್ತಿ ಇಡುವ ಸದ್ದು ಕೇಳಿದ ಮೇಲೆ ನಾನು ಎದ್ದು ಬಂದು ಕಟಕಟೆಯ ಬಳಿ ನಿಂತೆ. ಡಾಕ್ಟರ್ ಹೇಳಿದ ಮಾತು ಮರೆತಿರಲಿಲ್ಲ. ಬಿಂದಿಗೆ ನೀರನ್ನೂ ಎತ್ತಿಸಬೇಡಿ ಎಂದದ್ದು ಕಿವಿಯಲ್ಲೇ ಇತ್ತು. ಕರೆದರೆ ಇಳಿದು ಹೋಗಿ ಹಿಡಿಯೋಣ, ತಪ್ಪಾಯಿತು ಅನ್ನಲಿ ಎಂದು ಕಾದೆ. ಕೆಳಗಿನ ತಿರುವಿನಲ್ಲಿ ಅವಳು ನಿಂತು ಪಕ್ಕೆ ಹಿಡಿದುಕೊಂಡಳು. ಮೇಲೆ ನೋಡಿ, ‘ಎಡಗಡೆ ಭುಜಾ ಯಾಕೋ ಭಾಳ ನೋಯ್ತದ’ ಅಂದಳು. ನನಗೆ ಹೇಳಿದ್ದೋ ತನಗೇ ಹೇಳಿಕೊಂಡದ್ದೋ. ನೋವಿರುವುದು ಹೊಟ್ಟೆಯಲ್ಲಿ, ಹೇಳುವುದು ಭುಜ, ನಾಟಕ, ಎಂದುಕೊಂಡೆ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದೆ. ಅವಳು ಮತ್ತೆ ಸೂಟ್‌ಕೇಸ್ ಎತ್ತಿದಳು. ಸದ್ದು ಕೆಳಗಿಳಿಯುತ್ತ ಹೋಯಿತು, ಆಟೋದ ಸದ್ದಾಯಿತು, ಮಳೆಯಲ್ಲಿ ಅದೂ ಹೋಯಿತು.

ಗುಲ್ಮದಿಂದ ರಕ್ತ ಸೋರಿದಾಗ ನೋವು ಎಡ ಭುಜಕ್ಕೆ ಬರುತ್ತದೆಂದು ಆಮೇಲೆ ತಿಳಿಯಿತು.

ಊಟ ಮಾಡಿ ಅಡ್ಡಾಗಿದ್ದೆ. ಜಿಗ್ನೇಶನ ಫೋನು ಬಂತು. ಹೊಂಡ ಬಿದ್ದ ರಸ್ತೆಯಲ್ಲಿ ಆಟೋ ಕುಲುಕುತ್ತಿದ್ದಾಗ ಅವಳು ಸೀಟಿನಲ್ಲೇ ಒರಗಿದಳಂತೆ. ಚಾಲಕ ತಿರುಗಿ ನೋಡಿದಾಗ ಮುಖ ಬಿಳಿಚಿ ಬೆವರುತ್ತಿತ್ತಂತೆ. ಸಂಶೋಧನೆಯವರು ಸದಾ ಜತೆಯಲ್ಲಿಟ್ಟುಕೊಳ್ಳಲು ಕೊಟ್ಟಿದ್ದ ಕಾರ್ಡನ್ನು ಅವಳು ಕೈಯಲ್ಲಿ ಹಿಡಿದುಕೊಂಡೇ ಇದ್ದಳು. ಅದನ್ನು ನೋಡಿ ಚಾಲಕ ನೇರವಾಗಿ ಆಸ್ಪತ್ರೆಗೆ ತಂದಿದ್ದ.

ನಾನು ಹೋಗುವಷ್ಟರಲ್ಲಿ ಅವಳನ್ನು ಆಪರೇಷನ್ ಕೋಣೆಗೆ ಒಯ್ದಿದ್ದರು. ಹೊಟ್ಟೆಯೊಳಗೆ ರಕ್ತ ತುಂಬಿತ್ತು, ಗುಲ್ಮ ತೆಗೆಯದೆ ದಾರಿಯಿರಲಿಲ್ಲ. ಉಳಿಯುತ್ತಾಳೆಯೇ ಎಂದು ಕೇಳಿದೆ. ರಕ್ತ ತರಲು ಓಡುವವರು ಓಡುತ್ತಿದ್ದರು. ನನ್ನ ರಕ್ತ ತೆಗೆದುಕೊಳ್ಳಿ ಎಂದೆ. ಈ ವಯಸ್ಸಿನವರದು ತೆಗೆದುಕೊಳ್ಳುವುದಿಲ್ಲ ಎಂದರು. ಆ ಕಟ್ಟಡದಲ್ಲಿ ಯಾವ ಉಪಯೋಗಕ್ಕೂ ಬಾರದವನು ನಾನೊಬ್ಬನೇ ಇದ್ದೆ. ಬೆಂಚಿನ ಮೇಲೆ ಕೂತು ಗೊತ್ತಿದ್ದ ಸ್ತೋತ್ರಗಳನ್ನೆಲ್ಲ ಶುರುಮಾಡಿದೆ, ಯಾವುದೂ ಮುಂದೆ ಹೋಗಲಿಲ್ಲ. ಜಿಗ್ನೇಶ್ ಚಹಾ ತಂದುಕೊಟ್ಟು ಪಕ್ಕದಲ್ಲಿ ಕೂತ. ತಾನು ಆ ದಿನ ಹಾಗೆ ತಮಾಷೆ ಮಾಡಬಾರದಿತ್ತು ಎಂದ. ಅವನಿಗೆ ಹೇಗೆ ಗೊತ್ತಾಯಿತೋ, ಅಥವಾ ನನ್ನ ಮುಖದಲ್ಲೇ ಇತ್ತೋ.

ಹೀನಾಬೆನ್ ಹೊರಬಂದು ನನ್ನ ಎದುರಿನ ಸ್ಟೂಲಿನ ಮೇಲೆ ಕೂತರು. ಆಪರೇಷನ್ ಮುಗಿದಿದೆ, ಇನ್ನೂ ಏನೂ ಹೇಳಲಾಗದು ಎಂದರು. ಜ್ವರದ ಹುಡುಗಿ ಸಾಮಾನು ಹೊತ್ತು ಯಾಕೆ ಹೊರಟಳು ಎಂದು ಕೇಳಿದರು. ನಾನು ಅಳುತ್ತ, ರೋಗದ ಇನ್ನೊಂದು ಹೆಸರು ಹೇಳಿದೆ. ಅವರಿಗೆ ಅರ್ಥವಾಯಿತು.

‘ಕಾಕಾ, ನಿಮ್ಮ ಎಂಜಲಿನ ಪರೀಕ್ಷೆ ಬಂದಿದೆ,’ ಎಂದರು. ‘ಅದರಲ್ಲಿ ಈ ವೈರಸ್ ಇದೆ.’

ನನಗೆ ಜ್ವರವೇ ಬಂದಿಲ್ಲವಲ್ಲ ಎಂದೆ. ನಿಮಗೆ ಮಗುವಾಗಿದ್ದಾಗಲೇ ಬಂದು ಹೋಗಿರುತ್ತದೆ ಎಂದರು. ಒಮ್ಮೆ ಒಳಗೆ ಬಂದರೆ ಸಾಯುವತನಕ ಇರುತ್ತದೆ. ದೊಡ್ಡವರಲ್ಲಿ ಹೆಚ್ಚುಕಡಿಮೆ ಎಲ್ಲರಲ್ಲೂ ಇದೆ, ತಮ್ಮಲ್ಲೂ ಇದ್ದೀತು. ಕೆಲವು ದಿನ ಎಂಜಲಿನಲ್ಲಿ ಇಳಿಯುತ್ತದೆ, ಕೆಲವು ದಿನ ಇಲ್ಲ. ಅದು ನಾಚಿಕೆಯ ವಿಷಯವಲ್ಲ. ಮುತ್ತೇ ಬೇಕಿಲ್ಲ, ಹಂಚಿಕೊಂಡ ಲೋಟ ಸಾಕು, ಚಮಚ ಸಾಕು. ಬಹಳ ಮಡಿಯಿಂದ ಬೆಳೆಸಿದ ಮಕ್ಕಳಿಗೆ ಚಿಕ್ಕಂದಿನಲ್ಲಿ ಇದು ತಗುಲುವುದೇ ಇಲ್ಲ. ಅಂಥವರೇ ದೊಡ್ಡವರಾದ ಮೇಲೆ ಹೀಗೆ ನರಳುತ್ತಾರೆ.

ನನಗೆ ಹಿತ್ತಿಲಿಗೆ ಎಸೆದ ಆ ಪೇರಲ ಹಣ್ಣು ಕಾಣಿಸಿತು.

ಪಲ್ಲವಿಗೆ ಯಾರಿಂದ ಬಂತೆಂದು ಖಚಿತವಾಗಿ ಹೇಳಲಾಗದು, ಕ್ಯಾಂಟೀನಿನ ಲೋಟದಿಂದಲೂ ಬಂದಿರಬಹುದು ಎಂದರು ಹೀನಾಬೆನ್. ಅದಕ್ಕೇ ನಿಮ್ಮಿಬ್ಬರ ಉತ್ತರಗಳು ಮುಖ್ಯ. ಮತ್ತೊಮ್ಮೆ ಕೇಳುತ್ತಿದ್ದೇನೆ, ನೆನಪು ಮಾಡಿಕೊಂಡು ಹೇಳಿ, ಮನೆಯಲ್ಲಿ ಏನನ್ನೂ ಹಂಚಿಕೊಂಡಿಲ್ಲವೇ ಎಂದರು.

ಆ ಕೋಣೆಯ ಬಾಗಿಲಿನ ಆಚೆ ಅವಳು ಮಲಗಿದ್ದಾಳೆ. ಹಂಚಿಕೊಂಡಿದ್ದೇವೆ ಅನ್ನಲು ಒಂದು ಉಸಿರು ಸಾಕಿತ್ತು. ಡಬ್ಬಿಯ ವಿಷಯ ನನಗೊಬ್ಬನಿಗೇ ಗೊತ್ತು, ಇನ್ನಾರಿಗೂ ಗೊತ್ತಿಲ್ಲ, ಎಂಬ ಯೋಚನೆ ಆ ಹೊತ್ತಿನಲ್ಲಿ ಬಂತು. ಅದರಿಂದ ನನಗೆ ಸಮಾಧಾನವಾಯಿತು. ಹಾಗೆ ಸಮಾಧಾನವಾದದ್ದನ್ನು ನಾನು ಯಾವ ದೇವರೆದುರಿಗೂ ಇನ್ನೂ ಹೇಳಿಕೊಳ್ಳಲಾಗಿಲ್ಲ.

‘ಇಲ್ಲ,’ ಎಂದೆ.

ಮರುದಿನ ಗುರುರಾಜ ಬಂದ. ಜ್ವರದೊಳಗ ಆಕಿ ಎಲ್ಲಿಗೆ ಹೊಂಟಿದ್ಲಣ್ಣಾ ಎಂದು ಕೇಳಿದ. ಹಟ ಮಾಡಿ ಗೆಳತಿಯ ಕೋಣೆಗೆ ಹೊರಟಳು, ಎಷ್ಟು ಹೇಳಿದರೂ ಕೇಳಲಿಲ್ಲ ಎಂದೆ. ಅವನು ನನ್ನ ಕೈ ಹಿಡಿದುಕೊಂಡು ಅತ್ತ. ನನ್ನನ್ನೇ ಸಮಾಧಾನ ಮಾಡಿದ.

ಪಲ್ಲವಿ ಉಳಿದಳು. ಎದ್ದು ಕೂರುವಂತಾದ ಮೇಲೆ ಅಪ್ಪನಿಗೆ ಏನು ಹೇಳಿದಳೋ ಗೊತ್ತಿಲ್ಲ, ಅವನು ನನ್ನ ಮನೆಯ ಮೆಟ್ಟಿಲು ಹತ್ತಲಿಲ್ಲ. ಅವಳ ಉಳಿದ ಸಾಮಾನನ್ನು ಜಿಗ್ನೇಶ್ ಬಂದು ಒಯ್ದ. ನಾನು ಆಸ್ಪತ್ರೆಗೆ ಹೋದರೆ ಪಲ್ಲವಿ, ಗುಳಿಗೆ ತಗೊಂಡ್ರೇನು ಎಂದು ಕೇಳಿ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಗುಲ್ಮವಿಲ್ಲದ ಮೈಗೆ ಸಣ್ಣ ಸೋಂಕೂ ದೊಡ್ಡದಾಗಬಹುದಂತೆ. ಅದಕ್ಕೆ ಬೇರೆ ಬೇರೆ ಲಸಿಕೆಗಳು, ಜ್ವರ ಬಂದರೆ ತಕ್ಷಣ ನುಂಗಲು ಪರ್ಸಿನಲ್ಲಿ ಸದಾ ಮಾತ್ರೆ. ಓದು ಒಂದು ವರ್ಷ ಹಿಂದೆ ಬಿತ್ತು. ಮುಗಿಸಿ ವಡೋದರದಲ್ಲಿ ಕೆಲಸಕ್ಕೆ ಸೇರಿದಳು. ಆ ಮಳೆಗಾಲ ಮುಗಿದು ಬೀದಿ ಬೀದಿಯಲ್ಲಿ ಗರ್ಬಾದ ಧ್ವನಿವರ್ಧಕ ಶುರುವಾದಾಗ ನಾನು ಕಿಟಕಿ ಮುಚ್ಚಿ ಕೂತಿದ್ದೆ. ಫ್ರಿಜ್ಜು ಖಾಲಿ. ಸಿಹಿ ಬಿಟ್ಟೆ. ಬಿಟ್ಟದ್ದರಿಂದ ಸಕ್ಕರೆ ಇಳಿಯಿತು, ನನ್ನ ಆರೋಗ್ಯ ಸುಧಾರಿಸಿತು. ಅದೂ ಅನ್ಯಾಯವೆಂದೇ ಅನ್ನಿಸಿತು.

ಇಷ್ಟೆಲ್ಲ ಆ ಕಿಟಕಿಯ ಬಳಿ ನಿಂತಾಗ ನೆನಪಾಯಿತು. ಗುರುರಾಜನಿಗೆ ನಿದ್ದೆ ಹತ್ತಿತ್ತು. ನಾನು ಅಡುಗೆಮನೆಗೆ ಹೋದೆ. ಪಲ್ಲವಿ ಪೂರಿಯ ಹಿಟ್ಟು ನಾದುತ್ತಿದ್ದಳು. ಪಕ್ಕದಲ್ಲಿ ಶ್ರೀಖಂಡದ ಡಬ್ಬಿ. ಅಪ್ಪನಿಗಾಗಿ ತಂದದ್ದು. ಬಾಗಿಲ ಚೌಕಟ್ಟು ಹಿಡಿದುಕೊಂಡು, ಇಷ್ಟು ವರ್ಷ ಬಾಯಲ್ಲಿಟ್ಟುಕೊಂಡದ್ದನ್ನು ಹೇಳಿದೆ. ಮಧ್ಯಾಹ್ನ, ಡಬ್ಬಿ, ಚಮಚ. ಡಾಕ್ಟರಿಗೆ ಎರಡು ಸಲ ಸುಳ್ಳು ಹೇಳಿದ್ದು.

ಅವಳು ನಾದುವುದನ್ನು ನಿಲ್ಲಿಸಲಿಲ್ಲ.

‘ಗೊತ್ತಿತ್ತು ದೊಡ್ಡಪ್ಪಾ,’ ಅಂದಳು.

ಡಬ್ಬಿಯ ಕಡೆ ಗದ್ದದಿಂದ ತೋರಿಸಿದಳು.

‘ಮ್ಯಾಲೆ ನುಣ್ಣಗ ಮಾಡಿ ಇಡ್ತಿದ್ರಿ. ಡೇರಿಯವ್ರೂ ಅಷ್ಟು ನುಣ್ಣಗ ಮಾಡೂದಿಲ್ಲ. ದೊಡ್ಡಮ್ಮ ಹೋದ ಮ್ಯಾಲೆ ಒಬ್ಬರೇ ಇದ್ದೀರಿ, ತಿನ್ನೂ ಆಸೆ ಆಗ್ತದ ಅಂತ ಬಿಟ್ಟಿದ್ದೆ. ಶುಗರ್ ಏರಬಾರದಂತ ಆಮ್ಯಾಲೆ ಸಣ್ಣ ಡಬ್ಬಿ ತರಲಿಕ್ಕೆ ಸುರು ಮಾಡಿದೆ.’

‘ಮತ್ತ ಡಾಕ್ಟರ್ ಕೇಳಿದಾಗ ಯಾಕ ಹೇಳಲಿಲ್ಲ?’ ಎಂದೆ.

‘ನೀವು ಹೇಳ್ತೀರಂತ ನಿಮ್ಮ ಮುಖಾ ನೋಡಿದೆ. ನೀವು ಇಲ್ಲ ಅಂದ್ರಿ. ಡಾಕ್ಟರ್ ಮುಂದ ನಿಮ್ಮನ್ನ ಸುಳ್ಳ ಮಾಡಲೇನು? ನಾನೂ ಇಲ್ಲ ಅಂದೆ.’

ಆ ಬೆಳಿಗ್ಗೆ ಗಂಜಿಯ ಬಟ್ಟಲಿನ ಎದುರು ಅವಳು ಫ್ರಿಜ್ಜಿನ ಕಡೆ ನೋಡಿದ್ದು ಯಾಕೆಂದು ಆಗ ತಿಳಿಯಿತು. ಒಂದು ಮಾತು ಅಂದಿದ್ದರೆ ನನ್ನ ಬಾಯಿ ಅಲ್ಲೇ ಮುಚ್ಚುತ್ತಿತ್ತು. ಅನ್ನದೆ ಸೂಟ್‌ಕೇಸ್ ಎತ್ತಿಕೊಂಡಿದ್ದಳು.

ಕಾಲು ಹಿಡಿಯಲು ಬಗ್ಗಿದೆ. ಹಿಟ್ಟಿನ ಕೈಯಲ್ಲೇ ನನ್ನ ತೋಳು ಹಿಡಿದು ಎಬ್ಬಿಸಿದಳು. ‘ಬ್ಯಾಡ್ರಿ. ನನಗ ಹೇಳಿ ಏನಾಗೂದದ, ನನಗ ಮೊದಲೇ ಗೊತ್ತಿತ್ತು. ಬರಕೊಂಡವರಿಗೆ ಹೇಳ್ರಿ. ಹೀನಾಬೆನ್ ಈಗ ಸೂರತ್‌ನಾಗ ಇದ್ದಾರ.’

ಊಟಕ್ಕೆ ನಿಲ್ಲಲಿಲ್ಲ. ಅಹಮದಾಬಾದಿನ ಟಿಕೆಟು ಬಿಟ್ಟು ಸೂರತ್ತಿನ ಗಾಡಿ ಹತ್ತಿದೆ. ಅಲ್ಲಿಯ ಆಸ್ಪತ್ರೆಯಲ್ಲಿ ಹೀನಾಬೆನ್ ನನ್ನನ್ನು ಗುರುತಿಸಿದರು, ಮೊದಲು ಪಲ್ಲವಿಯ ಕ್ಷೇಮ ಕೇಳಿದರು. ನಿಂತುಕೊಂಡೇ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಆ ಸಂಶೋಧನೆ ಮುಗಿದು ಬಹಳ ಕಾಲವಾಯಿತು ಕಾಕಾ ಎಂದರು. ನೀವು ಹೇಳಿದ್ದನ್ನು ಬರೆದಿಡುತ್ತೇನೆ, ಆದರೆ ವೈದ್ಯರ ಪತ್ರಿಕೆಯಲ್ಲಿ ಅಚ್ಚಾಗಿ ಹೋದದ್ದನ್ನು ವಾಪಸು ತರಲಾಗುವುದಿಲ್ಲ. ದೂರದ ಡಾಕ್ಟರುಗಳೂ ಅದನ್ನು ಓದಿರುತ್ತಾರೆ. ನಿಮ್ಮ ಮನೆಯ ಉತ್ತರ ಅದರಲ್ಲಿ ‘ಇಲ್ಲ’ ಎಂದೇ ಇದೆ.

ನನ್ನ ‘ಇಲ್ಲ’ ಅಲ್ಲಿರುವುದು ಸರಿಯೇ, ಅದು ನನ್ನ ಬಾಯಿಂದಲೇ ಬಂದದ್ದು. ಅದರ ಪಕ್ಕದಲ್ಲಿ ಪಲ್ಲವಿಯದೂ ಒಂದು ‘ಇಲ್ಲ’ ಇದೆ. ಅವಳದನ್ನಾದರೂ ಅಳಿಸಲು ಬರುತ್ತದೆಯೇ ಎಂದು ಕೇಳಿದೆ. ಹೀನಾಬೆನ್ ಕನ್ನಡಕ ಹಾಕಿಕೊಂಡು, ಬರುವುದಿಲ್ಲವೆಂದು ತಲೆಯಾಡಿಸಿ, ನೀರು ಕುಡಿಯಿರಿ ಎಂದು ತಾವು ಅರ್ಧ ಕುಡಿದಿಟ್ಟಿದ್ದ ಲೋಟವನ್ನು ನನ್ನ ಕಡೆ ಸರಿಸಿದರು.